ಎಸ್ಪೆರಾನ್ಸಬಾಯಿಯ ಕೆಮ್ಮು

ನಮ್ಮ ಕೇರಿಯ ಎಲ್ಲರ ಅಳತೆಯ ಪುಸ್ತಕ ನನ್ನ ಹತ್ತಿರ ಇದೆ. ಬೈಲಹೊಂಗಲ ಬಿಟ್ಟು ಗೋವೆಗೆ ಬಂದು, ಮಾಪ್ಸಾದ ಹೊರಗಿನ ಈ ಕೇರಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಮೂವತ್ತೆರಡು ವರ್ಷವಾಯಿತು. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಇಂಚು ಮುಂದೆ ಬಂತು ಎಂಬುದೆಲ್ಲ ಆ ಪುಸ್ತಕದಲ್ಲಿರುವುದರಿಂದ ಯಾರೂ ನನ್ನ ಜೊತೆ ಜಗಳ ತೆಗೆಯುವುದಿಲ್ಲ. ಆದರೆ ಎಸ್ಪೆರಾನ್ಸಬಾಯಿಯ ವಿಷಯದಲ್ಲಿ ನನಗೆ ಗೊತ್ತಿದ್ದ ಗುಟ್ಟು ಅಳತೆಯದಲ್ಲ, ಕೆಮ್ಮಿನದು.

ಆಕೆಗೆ ಅರವತ್ತಾರು ವರ್ಷ. ಎತ್ತರ ಐದಡಿಗೆ ಒಂದಿಂಚು ಕಡಿಮೆ. ಈಗ ತೊಡುವ ಕಪ್ಪು ಉಡುಪುಗಳು ನಾಲ್ಕೂ ನಾನೇ ಹೊಲಿದದ್ದು. ಇಗರ್ಜಿಯಲ್ಲಿ ಹೆಂಗಸರ ಜಪಮಾಲೆ ನಡೆಸುವವಳು ಆಕೆಯೇ, ಸಂಜೆ ಜಗುಲಿಯ ಮೇಲೆ ಕೂತು ಹೋಗಿ ಬರುವ ಗಂಡಸರ ನಡಿಗೆ ಪರೀಕ್ಷಿಸುವವಳೂ ಆಕೆಯೇ. ಯಾರಾದರೂ ಸ್ವಲ್ಪ ಅತ್ತಿತ್ತ ಕಾಲು ಹಾಕಿದರೆ ಸಾಕು, "ಯಾಕಪ್ಪಾ, ನಿನಗ ಈ ರಸ್ತೆ ಸಾಲವಲ್ತೇನು? ಪಂಚಾಯ್ತಿಗೆ ಹೇಳಿ ಅಗಲ ಮಾಡಸ್ಲೇನು?" ಎಂದು ಕೂಗುತ್ತಾಳೆ. ಹಾಗಾಗಿ ಗೇರುಹಣ್ಣಿನ ಸಾರಾಯಿ ಫೆನಿಯ ಅಂಗಡಿಯಿಂದ ಬರುವವರು ಗದ್ದೆಯ ಬದುವಿನ ಮೇಲೆ ಸುತ್ತು ಹೊಡೆದು ಮನೆ ಸೇರುತ್ತಾರೆ. ಬದುವಿನ ಮೇಲಿಂದ ಗದ್ದೆಗೆ ಬಿದ್ದವರೂ ಇದ್ದಾರೆ. ಎಸ್ಪೆರಾನ್ಸಬಾಯಿ ಒಂದು ಹನಿಯನ್ನೂ ಮುಟ್ಟುವವಳಲ್ಲ ಎಂಬುದರಲ್ಲಿ ಕೇರಿಯ ಯಾರಿಗೂ ಸಂಶಯವಿರಲಿಲ್ಲ.

ಆಕೆಯ ಗಂಡ ಲಿಗೋರ್ ಪಂಚಾಯತಿಯಲ್ಲಿ ಗುಮಾಸ್ತನಾಗಿದ್ದ. ಮಾತು ಕಡಿಮೆ, ತೋಳು ಉದ್ದ. ಅವನ ಅಂಗಿಗೆ ಯಾವಾಗಲೂ ಕಾಲು ಗಜ ಬಟ್ಟೆ ಹೆಚ್ಚು ಬೇಕಾಗುತ್ತಿತ್ತು. ಅವನ ಹೆಸರು ನಡೆಯುತ್ತಿದ್ದದ್ದು ಒಂದೇ ವಿಷಯಕ್ಕೆ. ಇಡೀ ಕೇರಿಯಲ್ಲಿ ಫೆನಿಯನ್ನು ಬಲ್ಲ ಮೂಗು ಅವನದು ಎಂದು ಎಲ್ಲರೂ ಒಪ್ಪಿದ್ದರು. ಮದುವೆಗೆ, ನಾಮಕರಣಕ್ಕೆ ಫೆನಿ ಕೊಳ್ಳುವವರು ಅವನನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವನು "ಎಸ್ಪೆರಾನ್ಸ್ ಬಂದ್ರ ಬರ್ತೀನಿ" ಎನ್ನುತ್ತಿದ್ದ. ಹೆಂಡತಿಯ ಹೆದರಿಕೆ ಎಂದು ಜನ ನಗುತ್ತಿದ್ದರು.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ನಾಲ್ಕು ತಿಂಗಳಿಗೆ ಬೇಕಾದ ಒಣಮೀನು, ಮೆಣಸಿನಕಾಯಿ, ಉಪ್ಪು, ಹುಣಸೆಹಣ್ಣು ಎಲ್ಲವನ್ನೂ ಮನೆಗೆ ತುಂಬಿಕೊಳ್ಳುವುದು ಇಲ್ಲಿಯ ಪದ್ಧತಿ. ಅದಕ್ಕೆ ಪುರ್ಮೆಂತ್ ಎನ್ನುತ್ತಾರೆ. ಒಂದು ಶುಕ್ರವಾರ ಗಂಡ ಹೆಂಡತಿ ಬೆಳಿಗ್ಗೆ ಮಾಪ್ಸಾಕ್ಕೆ ಹೋದರೆ ಬರುವುದು ಸಂಜೆಯ ಬಸ್ಸಿಗೆ. ನೂಲು, ಗುಂಡಿ ತರುವ ನೆಪದಲ್ಲಿ ನಾನೂ ಅವರ ಜೊತೆ. ಕೊನೆಗೆ ಫೆನಿ ಅಂಗಡಿಗಳ ಸರದಿ. ಲಿಗೋರ್ ಸಣ್ಣ ಗ್ಲಾಸು ತೆಗೆದುಕೊಂಡು, ಕಣ್ಣು ಮುಚ್ಚಿ ಮೂಸಿ, ತುಟಿಗೆ ತಾಗಿಸಿ, "ಎಸ್ಪೆರಾನ್ಸ್, ಇದನ್ನ ಒಂಚೂರು ಹಿಡ್ಕೋ" ಎಂದು ಹೆಂಡತಿಯ ಕೈಗೆ ಕೊಟ್ಟು ಅಂಗಡಿಯವನ ಮೊಮ್ಮಕ್ಕಳ ಯೋಗಕ್ಷೇಮ ವಿಚಾರಿಸಲು ತಿರುಗುತ್ತಿದ್ದ. ಎಸ್ಪೆರಾನ್ಸಬಾಯಿ ಗೋಡೆಯ ಕಡೆ ಮುಖ ಮಾಡಿ ಅಲ್ಲಿಯ ಸಂತರ ಪಟ ನೋಡುತ್ತಿದ್ದಳು. ಗ್ಲಾಸು ವಾಪಸು ಬಂದಾಗ ಖಾಲಿ. ಆಮೇಲೆ ಆಕೆ ಒಮ್ಮೆ ಕೆಮ್ಮಿದರೆ ಲಿಗೋರ್ ತಲೆಯಾಡಿಸಿ "ಇದು ಬ್ಯಾಡ" ಎನ್ನುತ್ತಿದ್ದ. ಕೆಮ್ಮದೆ ಕೈಚೀಲವನ್ನು ಎಡ ತೋಳಿನಿಂದ ಬಲ ತೋಳಿಗೆ ಬದಲಿಸಿದರೆ "ಇದನ್ನ ತುಂಬು" ಎನ್ನುತ್ತಿದ್ದ.

ನನಗೆ ಇದು ತಿಳಿದದ್ದು ನಾಲ್ಕನೆಯ ವರ್ಷ. ನಾನು ಯಾರಿಗೂ ಹೇಳಲಿಲ್ಲ. ಹೊಲಿಯುವವನ ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತದೆ, ಮಾತಾಡಿದರೆ ಅವನಿಗೇ ಕಷ್ಟ.

ಕಳೆದ ಆಗಸ್ಟಿನಲ್ಲಿ ಲಿಗೋರ್ ತೀರಿಕೊಂಡ. ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಈ ವರ್ಷದ ಮೇ ಬಂತು. ಕೇರಿಯ ಖುರ್ಸಿನ ಮುಂದೆ, ಅಂದರೆ ದಾರಿಬದಿಯ ಬಿಳಿ ಶಿಲುಬೆಯ ಮುಂದೆ, ಭಾನುವಾರ ಸಂಜೆ ಪ್ರಾರ್ಥನೆ ಹಾಡಿಸುವ ಸರದಿ ಎಸ್ಪೆರಾನ್ಸಬಾಯಿಯ ಮನೆಯದು. ಹಾಡು ಮುಗಿದ ಮೇಲೆ ಬೇಯಿಸಿದ ಕಡಲೆ, ಕೊಬ್ಬರಿ ಚೂರು, ಒಂದೊಂದು ಗ್ಲಾಸು ಫೆನಿ. ಜನ ದೇವರನ್ನು ಕಣ್ಣು ಮುಚ್ಚಿ ಹಾಡಿ ಹೊಗಳುತ್ತಾರೆ, ಫೆನಿಯನ್ನು ಮಾತ್ರ ಕಣ್ಣು ತೆರೆದು ನೋಡುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಒಂದು ಮನೆಯವರು ಕೆಟ್ಟ ಫೆನಿ ಹಂಚಿದ್ದರು. ಆ ಮನೆಗೆ ಇವತ್ತಿಗೂ ಸೀಮೆಎಣ್ಣೆ ಮನೆ ಎನ್ನುತ್ತಾರೆ. ಅವರ ಮೊಮ್ಮಗಳ ಮದುವೆಯ ಕರೆಯೋಲೆ ಬಂದಾಗಲೂ "ಯಾರದು?" "ಸೀಮೆಎಣ್ಣೆಯವರದು" ಎಂದೇ ಮಾತು. ಎಸ್ಪೆರಾನ್ಸಬಾಯಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಲಿಗೋರ್ ತೀರಿ ವರ್ಷ ತುಂಬುವ ಮೊದಲೇ ಅವನ ಮನೆಯ ಫೆನಿ ಕೆಟ್ಟರೆ ಸತ್ತವನ ಹೆಸರೂ ಕೆಡುತ್ತದೆ.

ಇದರ ನಡುವೆ ಜುಸ್ತಿನ್ ಬಂದ. ಲಿಗೋರನ ತಮ್ಮ. ಇಪ್ಪತ್ತೈದು ವರ್ಷ ಹಡಗಿನಲ್ಲಿ ಊಟ ಬಡಿಸುವ ಕೆಲಸ ಮಾಡಿ, ಅಣ್ಣ ಹೋದ ಮೇಲೆ ಪಕ್ಕದ ಮನೆಯಲ್ಲಿ ನೆಲೆಸಿದವನು. ಬಂದವನೇ ಮೂಗಿನ ಉತ್ತರಾಧಿಕಾರ ವಹಿಸಿಕೊಂಡ.

"ವೈನಿ, ಮೂಗು ನಮ್ಮ ಮನೆತನದ್ದು. ಅಣ್ಣಂದು ಹೋತು ಅಂತ ಚಿಂತಿ ಮಾಡಬ್ಯಾಡ್ರಿ. ನಂದೈತಲ್ಲ!"

ಗಾತ್ರದ ಮಟ್ಟಿಗೆ ಅವನ ಮಾತು ನಿಜ. ಅಂಥ ಮೂಗು ನಾನು ಇನ್ನೊಂದು ನೋಡಿಲ್ಲ. ಆದರೆ ಹಡಗಿನಲ್ಲಿ ಇಪ್ಪತ್ತೈದು ವರ್ಷ ಬರೀ ವಿಸ್ಕಿ ಕುಡಿದವನಿಗೆ ಫೆನಿಯ ಗಂಧ ಎಲ್ಲಿಂದ ಗೊತ್ತಿರಬೇಕು?

ಶುಕ್ರವಾರ ಮೂವರೂ ಎಂಟೂವರೆಯ ಬಸ್ಸು ಹತ್ತಿದೆವು. ಮಾಪ್ಸಾದ ಸಂತೆಯಲ್ಲಿ ಎಸ್ಪೆರಾನ್ಸಬಾಯಿಯ ಹಿಂದೆ ನಡೆಯುವುದೇ ಒಂದು ಸುಖ. ಅವಸರವಿಲ್ಲ. ಒಂದು ಒಣ ಸೀಗಡಿ ಎತ್ತಿ, ಮುರಿದು, ಮೂಸಿ, "ಇದು ಹೋದ ವರ್ಷದ್ದು. ಈ ವರ್ಷದ್ದು ನಿನ್ನ ಹಿಂದಿನ ಬುಟ್ಟ್ಯಾಗ ಐತಿ, ತಗಿ" ಎನ್ನುತ್ತಾಳೆ. ಮೀನಿನವಳು ಒಂದು ಬೈಗುಳ ಬೈದು ಹಿಂದಿನ ಬುಟ್ಟಿ ತೆಗೆಯುತ್ತಾಳೆ. ಆಮೇಲೆ ಇಬ್ಬರೂ ಸೊಸೆಯಂದಿರ ವಿಚಾರ ಮಾತಾಡುತ್ತಾರೆ. ಮೆಣಸಿನಕಾಯಿಯವನ ಹತ್ತಿರ ಅರ್ಧ ಗಂಟೆ, ಶಿರ್ಕಾ, ಅಂದರೆ ವಿನೆಗರ್, ಮಾರುವವಳ ಹತ್ತಿರ ಕಾಲು ಗಂಟೆ, ಮಸಾಲೆ ತುಂಬಿದ ಮಾಂಸದ ಸರಗಳನ್ನು ಜಪಮಾಲೆಯಂತೆ ಬೆರಳಲ್ಲಿ ಎಣಿಸಿ ನೋಡಲು ಇನ್ನಷ್ಟು ಹೊತ್ತು. ನಾನು ಚೀಲ ಹಿಡಿದು ನಿಂತೆ. ಜುಸ್ತಿನ್ ಒಂದು ಡಜನ್ ಮಾಂಕುರಾದ್ ಮಾವಿನಹಣ್ಣನ್ನು ಬಣ್ಣ ನೋಡಿಯೇ ತೆಗೆದುಕೊಂಡ. ಆಕೆ ಒಂದೊಂದನ್ನೂ ತೊಟ್ಟಿನ ಹತ್ತಿರ ಮೂಸಿ ನಾಲ್ಕನ್ನು ವಾಪಸು ಇಟ್ಟಳು.

"ಏನಾಗೈತಿ ವೈನಿ ಅವಕ್ಕ? ಬಂಗಾರದಂಗ ಅದಾವು!"

"ನಾಳೆ ಕೊಳೀತಾವು. ನಿನ್ನ ಮೂಗಿಗೆ ತಿಳೀಲಿಲ್ಲೇನು?"

"ನನ್ನ ಮೂಗು ಫೆನಿಗೆ ಇಟ್ಟದ್ದು. ಹಣ್ಣಿಗೆಲ್ಲ ಖರ್ಚು ಮಾಡೂದಿಲ್ಲ."

ಹನ್ನೊಂದಕ್ಕೆ ಮೊದಲ ಫೆನಿ ಅಂಗಡಿ. ಅಂಗಡಿಯವನು ಗ್ಲಾಸು ಕೊಟ್ಟ. ಜುಸ್ತಿನ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಎಸ್ಪೆರಾನ್ಸಬಾಯಿ ಕೈ ಚಾಚಿದಳು.

"ಹಿಡ್ಕೊಳ್ಳಲೇನು, ಜುಸ್ತಿನ್?"

"ಬ್ಯಾಡ ವೈನಿ, ಏನ್ ಭಾರ ಇಲ್ಲ" ಎಂದವನೇ ಒಂದೇ ಗುಟುಕಿಗೆ ಮುಗಿಸಿ ತುಟಿ ಒರೆಸಿಕೊಂಡ. "ಛಲೋ ಐತಿ!"

ಆಕೆಗೆ ದೂರದಿಂದಲೇ ವಾಸನೆ ಹತ್ತಿರಬೇಕು, ಕೆಮ್ಮಿದಳು. ಜುಸ್ತಿನ್ ಗಾಬರಿಯಾಗಿ ನೀರು ತರಿಸಿ ಕುಡಿಸಿದ. ಎರಡನೆಯ ಅಂಗಡಿಯಲ್ಲೂ ಅದೇ ಕಥೆ. ಅವನು ಮೂರು ಜಾಡಿಯದು ಕುಡಿದ, ಮೂರಕ್ಕೂ "ಛಲೋ ಐತಿ" ಎಂದ, ಆಕೆ ಮೂರು ಸಲ ಕೆಮ್ಮಿದಳು. ಜುಸ್ತಿನ್ ಎದುರಿನ ಔಷಧಿ ಅಂಗಡಿಗೆ ಓಡಿ ಕೆಮ್ಮಿನ ಗುಳಿಗೆ ತಂದು ಆಕೆಯ ಬಾಯಿಗೆ ತಾನೇ ಹಾಕಿದ. ಅವನ ಮನಸ್ಸು ಒಳ್ಳೆಯದು. ಅದೇ ತೊಂದರೆ.

ಒಂದು ಗಂಟೆಗೆ ಮಾಪ್ಸಾದ ಅಂಗಡಿಗಳು ನಿದ್ದೆಗೆ ಬಾಗಿಲು ಹಾಕುತ್ತವೆ. ಅನ್ನ, ಮೀನಿನ ಸಾರು ಉಂಡೆವು. ಉಂಡ ಮೇಲೆ ಜುಸ್ತಿನ್ ಬೆಂಚಿನ ಮೇಲೆ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದ. ಎಸ್ಪೆರಾನ್ಸಬಾಯಿ ನನ್ನ ಕಡೆ ತಿರುಗಿದಳು. ಕುಶಲಕರ್ಮಿಯನ್ನೆಲ್ಲ ಇಲ್ಲಿ ಮೇಸ್ತ ಎನ್ನುತ್ತಾರೆ, ನನಗೂ ಅದೇ ಹೆಸರು.

"ಮೇಸ್ತಾ, ನಿನಗ ಗೊತ್ತೈತಿ. ಹೌದಿಲ್ಲೋ?"

"ಏನು ಬಾಯ್?"

"ನಾಟಕ ಮಾಡಬ್ಯಾಡ. ಮೂವತ್ತು ವರ್ಷ ಪಕ್ಕದಾಗ ನಿಂತು ನೋಡೀದಿ."

"ಕೆಮ್ಮು ಕೇಳಸ್ತಿತ್ತು" ಎಂದೆ. "ನಿಮಗ ಮಾಪ್ಸಾದಾಗ ಅಷ್ಟ ಕೆಮ್ಮು ಬರ್ತಿತ್ತು. ಊರಾಗ ಎಂದೂ ಬಂದಿದ್ದಿಲ್ಲ."

ಆಕೆ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. ತವರಿನಲ್ಲಿ ಅಪ್ಪನದು ಗೇರುಹಣ್ಣಿನ ಭಟ್ಟಿ. ಹುಟ್ಟಿದಾಗಿನಿಂದ ಆ ಗಂಧದಲ್ಲೇ ಬೆಳೆದವಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಕತ್ತಲಲ್ಲಿ ಕೈತಪ್ಪಿ ಗಂಡನಿಗೆ ಫೆನಿಯ ಬದಲು ಶಿರ್ಕಾ ಬಗ್ಗಿಸಿ ಕೊಟ್ಟಿದ್ದಳಂತೆ. ಅವನು ಪೂರ್ತಿ ಕುಡಿದು "ಛಲೋ ಐತಿ" ಎಂದನಂತೆ.

"ಅವತ್ತ ತಿಳೀತು ನನಗ, ಈ ಮನಷ್ಯಾಗ ಮೂಗು ಇಲ್ಲ ಅಂತ. ಪಾಪ, ಗಂಡಸು, ನಾಕು ಮಂದ್ಯಾಗ ಮರ್ಯಾದಿ ಹೋಗಬಾರ್ದಲ್ಲ? ಅದಕ್ಕ ನಾ ಕೆಮ್ಮಿಕೋತ ಬಂದೆ. ಒಂದ ವರ್ಷ ತಪ್ಪಿತು. ನೀ ತಂಗಿ ಮದುವಿಗೆ ಊರಿಗೆ ಹೋದ ವರ್ಷ, ನೆನಪೈತೇನು? ನಾ ಬಾವಿಕಟ್ಟ್ಯಾಗ ಜಾರಿ ಕಾಲು ಮುರಕೊಂಡಿದ್ದೆ. ಅವ ಒಬ್ಬಾವನ ಮಾಪ್ಸಾಕ್ಕ ಬಂದಿದ್ದ. ಸಂತ ಆಂತೋನಿಗೆ ಏಳು ಮೇಣಬತ್ತಿ ಹಚ್ಚಿ ಬೇಡಿಕೊಂಡೆ. ಅವನೇನು ತಂದಾನು ಅಂದುಕೊಂಡ್ರ, ಎಂದೂ ಕಾಣದಂಥಾ ಛಲೋ ಫೆನಿ ತಂದ! ಸಂತನ ಪವಾಡ."

"ಈಗೇನ್ ಮಾಡೂದು?"

"ಇನ್ನ ಕಾಮಿಲ್‌ನ ಫೆನಿ ಅಂಗಡಿ ಉಳದೈತಿ. ಅಲ್ಲಿ ಗ್ಲಾಸು ನೀ ತಗೋ. ಮೂಸಿದಂಗ ಮಾಡಿ ನನಗ ಕೊಡು. ಮುಂದಿಂದು ನನಗ ಬಿಡು."

"ನೀವ ಕುಡದು ಹೇಳಿಬಿಡ್ರೆಲಾ ಬಾಯ್."

ಆಕೆ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಅಂಗಡ್ಯಾಗ ನಿಂತು ನಾ ಕುಡಿಯೂದಾ? ಅದೂ ಇರ್ಲಿ. ಅಷ್ಟು ವರ್ಷ ಆರಿಸಿದಾಕಿ ನಾನ ಅಂತ ಗೊತ್ತಾದ್ರ ಲಿಗೋರನ್ನ ನೆನಸೂದಾದ್ರೂ ಯಾತಕ್ಕ ಮಂದಿ?"

ಗ್ಲಾಸು ನಾನೇ ತಗೋತೀನಿ ಎಂದು ಒಪ್ಪಿಕೊಂಡೆ.

ನಾಲ್ಕು ಗಂಟೆಗೆ ಕಾಮಿಲ್‌ನ ಅಂಗಡಿಗೆ ಹೋದೆವು. ಮೂರು ಮೆಟ್ಟಿಲು ಕೆಳಗಿಳಿದರೆ ತಣ್ಣನೆಯ ಮಬ್ಬುಗತ್ತಲ ಕೋಣೆ, ಗೋಡೆಗೆ ಸಂತ ಆಂತೋನಿಯ ಪಟ, ಸಾಲಾಗಿ ದೊಡ್ಡ ಹೊಟ್ಟೆಯ ಗಾಜಿನ ಜಾಡಿಗಳು. ಕಾಮಿಲ್‌ನಿಗೆ ಎಂಬತ್ತರ ಹತ್ತಿರ, ಒಂದು ಕಣ್ಣಿಗೆ ಪೊರೆ. ಬೆಂಚಿನ ಮೇಲೆ ಐದಾರು ಜನ ಕೂತಿದ್ದರು. ನಮ್ಮ ದುರದೃಷ್ಟಕ್ಕೆ ಅದರಲ್ಲಿ ಒಬ್ಬ ನಮ್ಮದೇ ಇಗರ್ಜಿಯಲ್ಲಿ ಗಂಟೆ ಬಾರಿಸುವವನು. ಅವನಿಗೆ ಒಂದು ಸುದ್ದಿ ಸಿಕ್ಕಿದರೆ ಗಂಟೆಯ ಅಗತ್ಯವಿಲ್ಲ.

ಕಾಮಿಲ್ ಮೊದಲ ಜಾಡಿಯಿಂದ ಗ್ಲಾಸಿಗೆ ಹಾಕಿದ. ನಾನು ಕೈ ಚಾಚಿದೆ. ಜುಸ್ತಿನ್ ನಡುವೆ ತೂರಿ ಗ್ಲಾಸು ಕಸಿದುಕೊಂಡ.

"ಮೇಸ್ತಾ, ನಿನಗ್ಯಾಕ ಇದು? ನೀ ಗುಂಡಿ, ಕಾಜಾ ನೋಡ್ಕೋ. ಇದು ಮೂಗಿನ ಕೆಲಸ."

ಕುಡಿದ. "ಭಾಳ ಮೆತ್ತಗೈತಿ. ಹೆಂಗಸರಿಗೆ ಆಗೂವಂಥಾದ್ದು." ಎರಡನೆಯದನ್ನೂ ಕುಡಿದು ಮುಖ ಸೊಟ್ಟ ಮಾಡಿದ. ಆಮೇಲೆ ಮೂಲೆಯಲ್ಲಿದ್ದ ಮೂರನೆಯ ಜಾಡಿ ತೋರಿಸಿದ. ಕಾಮಿಲ್ ಒಲ್ಲದ ಮನಸ್ಸಿನಿಂದ ಎರಡು ಬೆರಳಷ್ಟು ಹಾಕಿದ. ಜುಸ್ತಿನ್ ಕುಡಿದು, ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಮೇಜು ಕುಟ್ಟಿದ.

"ಇದು! ಇದು ಫೆನಿ ಅಂದ್ರ! ಕಿವ್ಯಾಗಿಂದ ಹೊಗಿ ಬಂತು ನೋಡು. ವೈನಿ, ಅಣ್ಣ ಇದ್ರ ಇದನ್ನ ಆರಸ್ತಿದ್ದ. ಕಾಮಿಲ್, ಹತ್ತು ಬಾಟ್ಲಿ ತುಂಬು!"

"ಅದು..." ಕಾಮಿಲ್ ಕೆಮ್ಮಿದವಳ ಕಡೆ ನೋಡಿದ. ಬಾಯಿ ಆಗಲೇ ಎರಡು ಸಲ ಕೆಮ್ಮಿದ್ದಳು. "ಅದು ಬೀಚಿಗೆ ಬರೋ ಮಂದಿಗೆ ಅಂತ ಇಟ್ಟದ್ದು, ಬಾಬ್. ಮನೀಗೆ ಒಯ್ಯೂವಂಥಾದ್ದಲ್ಲ."

"ಯಾರ ಹತ್ರ ಮಾತಾಡಾಕ್ಹತ್ತೀದಿ ಗೊತ್ತೈತೇನು? ನಾ ಲಿಗೋರನ ಖಾಸಾ ತಮ್ಮ! ತುಂಬು ಅಂದ್ರ ತುಂಬು."

ಕಾಮಿಲ್ ಆಲಿಕೆ ಹಿಡಿದು ಬಾಟಲಿಯ ಬಾಯಿಗೆ ಇಟ್ಟ. ಎಸ್ಪೆರಾನ್ಸಬಾಯಿ ಮೂರನೆಯ ಸಲ ಕೆಮ್ಮಿದಳು, ಗಂಟಲು ಹರಿಯುವಂತೆ. ಜುಸ್ತಿನ್ ಕಿಸೆಯಿಂದ ಗುಳಿಗೆಯ ಪೊಟ್ಟಣ ತೆಗೆದ.

ಆಗ ಆಕೆ ಕೈಚೀಲವನ್ನು ಮೇಜಿನ ಮೇಲೆ ಇಟ್ಟಳು. ಮೂವತ್ತು ವರ್ಷದಲ್ಲಿ ಆ ಚೀಲ ತೋಳು ಬಿಟ್ಟು ಇಳಿದದ್ದನ್ನು ನಾನು ಮೊದಲ ಸಲ ನೋಡಿದ್ದು. ಜುಸ್ತಿನ್‌ನ ಕೈಯಿಂದ ಗ್ಲಾಸು ತೆಗೆದುಕೊಂಡು, ತಳದಲ್ಲಿ ಉಳಿದಿದ್ದ ಗುಟುಕನ್ನು ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಂಡಳು. ಗಂಟೆಯವನು ಎದ್ದೇ ನಿಂತ.

"ಇದು ಬೆಲ್ಲದ ನೀರು ಕಾಸಿದ್ದು. ಗೇರುಹಣ್ಣು ಇದರ ಪಕ್ಕದಾಗ ಸೈತ ಹಾದಿಲ್ಲ" ಎಂದಳು. "ಕಾಮಿಲ್, ಮೊದಲನೇದ್ದು ಕೊಡು."

ಕಾಮಿಲ್ ಕೊಟ್ಟ. ಆಕೆ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದಳು, ಆಮೇಲೆ ನಿಧಾನವಾಗಿ ಕುಡಿದಳು. "ಇದನ್ನ ತುಂಬು."

"ವೈನೀ!" ಜುಸ್ತಿನ್‌ನ ಬಾಯಿ ತೆರೆದೇ ಇತ್ತು. "ನೀವು... ಕುಡೀತೀರಿ?"

"ಕುಡೀತೀನಿ. ಎಲ್ಲಾರೂ ಕೇಳ್ರಿ, ನೀನೂ ಕೇಳಪಾ ಗಂಟೆಯವನ, ಹೋಗಿ ಬಾರಸು. ಮೂವತ್ತೊಂದು ವರ್ಷ ಫೆನಿ ಆರಿಸಿದಾಕಿ ನಾನು. ನನ್ನ ಗಂಡ ಬಂಗಾರದಂಥಾ ಮನಷ್ಯಾ, ಆದ್ರ ಅವಗ ಮೂಗು ಇದ್ದಿದ್ದಿಲ್ಲ. ದೇವರು ಕ್ಷಮಿಸ್ಲಿ, ನನಗ ಬ್ಯಾರೆ ದಾರಿ ಉಳೀಲಿಲ್ಲ."

ಲಿಗೋರನ ಬಳಿ ಇದ್ದದ್ದು ಆ ಒಂದು ಹೆಸರು, ಅದೂ ಇವತ್ತು ಈ ಅಂಗಡಿಯಲ್ಲಿ ಉರುಳಿಹೋಯಿತಲ್ಲ ಎಂದು ನನಗೆ ಅನ್ನಿಸಿತು.

ಕಾಮಿಲ್ ಮಾತ್ರ ನಗತೊಡಗಿದ. ಆಲಿಕೆ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಲಿಗೋರ್‌ಗ ಮೂಗು ಇದ್ದಿದ್ದಿಲ್ಲ? ಬಾಯ್, ನೀವು ಕಾಲು ಮುರಕೊಂಡ ವರ್ಷ ಅವ ಒಬ್ಬಾವನ ಇಲ್ಲಿ ಬಂದಿದ್ದ. ಐದು ಜಾಡಿ ಇದ್ದೂ. ನಾ ಗ್ಲಾಸಿಗೆ ಹಾಕೂಕಿಂತ ಮೊದಲ, ಬರೀ ಬೂಚು ಮೂಸಿ, ಇದು ಗುಡ್ಡದ ಕಡೀದು, ಇದು ಹೋದ ವರ್ಷದ್ದು, ಇದಕ್ಕ ನೀ ಸಕ್ಕರಿ ಹಾಕೀದಿ ಕಳ್ಳಾ ಅಂದ. ಒಂದ ಬೀಡಿ ಸೇದಿ ಮುಗಸೂದ್ರಾಗ ಆರಿಸಿ ಮುಗಿಸಿದ್ದ. ನನಗ ಗಾಬರಿ ಆತು. ಹಂಗಾರ ವರ್ಷಾ ವರ್ಷಾ ಹೆಂಡ್ತಿ ಕೈಯಾಗ ಗ್ಲಾಸು ಯಾಕ ಕೊಡ್ತೀಯೋ ಮಾರಾಯಾ, ಅಂತ ಕೇಳಿದೆ."

"ಏನಂದ?" ಎಂದು ಆಕೆ ಮೇಜಿನ ಮೇಲೆ ಬಗ್ಗಿ ಕೇಳಿದಳು.

"ಆಕಿಗೆ ಒಂದ್ ಗುಟುಕು ಅಂದ್ರ ಜೀವ, ಅಂದ. ಅಪ್ಪನ ಭಟ್ಟ್ಯಾಗ ಬೆಳದಾಕಿ. ಮಂದಿ ಮುಂದ ಕುಡ್ಯಾಕ ನಾಚಿಕಿ, ಮನ್ಯಾಗ ಕುಡ್ಯಾಕ ಜಪಮಾಲಿ ಅಡ್ಡ ಬರ್ತೈತಿ. ಇಲ್ಲಿ ಬಂದಾಗಾದ್ರೂ ಆಕಿ ಹೊಟ್ಟಿ ತುಂಬ ರುಚಿ ನೋಡ್ಲಿ. ಮೂಗಿಲ್ಲದಾವ ಅಂತ ತಿಳ್ಕೊಂಡ್ರ ತಿಳ್ಕೊಳ್ಳಲಿ. ನೀ ಗ್ಲಾಸಿಗೆ ತುಸು ಹೆಚ್ಚ ಹಾಕು, ಅಂದ. ನಾ ಅವತ್ತಿಂದ ಹೆಚ್ಚ ಹಾಕ್ಕೋತ ಬಂದೀನಿ."

"ಸುಳ್ಳು!" ಎಂದಳು ಎಸ್ಪೆರಾನ್ಸಬಾಯಿ. "ಮದುವ್ಯಾದ ಹೊಸದಾಗಿ ಶಿರ್ಕಾ ಕುಡದು ಛಲೋ ಐತಿ ಅಂದಾನ ಅವ!"

"ಹೊಸಾ ಹೆಂಡ್ತಿ ಕೈಯಾರೆ ಕೊಟ್ಟದ್ದನ್ನ ಕೆಟ್ಟೈತಿ ಅಂತ ಯಾವ ಗಂಡ ಅಂತಾನ, ಬಾಯ್?"

ಆಕೆ ಬೆಂಚಿನ ಮೇಲೆ ಕೂತಳು. ಗಂಟೆಯವನು ತಾನಾಗಿ ಸರಿದು ಜಾಗ ಕೊಟ್ಟ. ಗೋಡೆಯ ಮೇಲಿನ ಸಂತ ಆಂತೋನಿಯ ಪಟವನ್ನು ನೋಡಿದಳು. ಆಮೇಲೆ ಹೇಳಿದಳು:

"ಹಂಗಾರ ನನ್ನ ಏಳು ಮೇಣಬತ್ತಿ ದಂಡ."

ಬಸ್ಸಿನಲ್ಲಿ ಬಾಟಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ಕೂತಿದ್ದಳು. ಜುಸ್ತಿನ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ನನ್ನ ತೊಡೆಗೆ ಗುದ್ದಿದಳು. "ಮೂವತ್ತೊಂದು ವರ್ಷ ಕೆಮ್ಮಿಸಿದ್ನಲ್ಲೋ ಮೇಸ್ತಾ, ಕಳ್ಳ! ಒಂದ ಮಾತು ಹೇಳಿದ್ರ ಏನ್ ಗಂಟು ಹೋಗ್ತಿತ್ತು ಅವಂದು?" ಬೈಯುತ್ತ ಬೈಯುತ್ತ ಅತ್ತಳು. ಲಿಗೋರ್ ಸತ್ತ ದಿನ ಬಂದವರಿಗೆಲ್ಲ ಚಹಾ ಮಾಡಿಕೊಟ್ಟವಳು ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಕಂಡಕ್ಟರು ಬಂದು ನನ್ನನ್ನು ಒಂದು ಥರ ನೋಡಿದ. ನಾನು ಏನೂ ಮಾಡಿಲ್ಲಪ್ಪಾ ಎಂದು ಕೈ ತೋರಿಸಿದೆ.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಭಾನುವಾರ ಸಂಜೆ ಖುರ್ಸಿನ ಮುಂದೆ ಎಂದೂ ಬರದವರೂ ಬಂದು ನಿಂತಿದ್ದರು. ಪಾದ್ರಿಯವರೂ ಬಂದಿದ್ದರು. ಪ್ರಾರ್ಥನೆ ಮುಗಿಯಿತು, ಕಡಲೆ ಬಂತು, ಫೆನಿ ಬಂತು. ಜನ ಮೂಸಿದರು, ಕುಡಿದರು, ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಸೀಮೆಎಣ್ಣೆ ಮನೆಯ ಮುದುಕ ಎರಡನೆಯ ಸಲ ಗ್ಲಾಸು ಚಾಚಿದ. ಎಸ್ಪೆರಾನ್ಸಬಾಯಿ ಈ ಸಲ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರಲಿಲ್ಲ. ನಡುಮಧ್ಯೆ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ತುಂಬಿದ ಗ್ಲಾಸು ಹಿಡಿದು ಕೂತಿದ್ದಳು.

ಪಾದ್ರಿಯವರು ಮೆಲ್ಲಗೆ ಕೇಳಿದರು: "ಬಾಯ್, ಮೂವತ್ತೊಂದು ವರ್ಷ ಆರಿಸಿದಾವ್ರು ನೀವ ಅಂತ ಸುದ್ದಿ ಬಂತು. ಖರೇ ಏನು?"

"ಖರೇ, ಪಾದ್ರಿ" ಎಂದಳು. ಒಂದು ಗುಟುಕು ಕುಡಿದಳು. "ಆರಿಸಿದಾಕಿ ನಾನು. ನನ್ನ ಸಲುವಾಗಿ ಗ್ಲಾಸು ಹಿಡದಾವ ಲಿಗೋರ್."